ಬಟವಾಡೆ ದಿನದ ತರಕಾರಿ: ಕೂಲಿ ಕುಟುಂಬಗಳಿಗೆ ರೈತರ ತರಕಾರಿ, ಹಣ್ಣು ಕೈಗೆಟುಕುವಂತೆ ಮಾಡುವುದು ಹೇಗೆ?

ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ‘ನಮ್ಮ ಬಡಾವಣೆ ಪಕ್ಕದಲ್ಲೇ ಕೂಲಿಯವರ ಮನೆಗಳಿವೆ. ರೇಷನ್ ಅಕ್ಕಿ ಹೇಗೋ ಸಿಗುತ್ತೆ. ಆದರೆ ತರಕಾರಿ, ಹಣ್ಣು ಕೊಳ್ಳೋಕೆ ಅವರಿಗೆ ಆಗ್ತಿಲ್ಲ. ನಾವೇನಾದ್ರೂ ಮಾಡಬಹುದಾ?’ ಕೇಳುವವರು ಸ್ತ್ರೀಶಕ್ತಿ ಗುಂಪಿನ ಹೆಣ್ಣುಮಕ್ಕಳು, ಸರ್ಕಾರಿ ಶಾಲೆಯ ಮೇಷ್ಟ್ರು, ಅಪಾರ್ಟ್‌ಮೆಂಟ್ ಸಂಘದವರು. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರೊಬ್ಬರು ದಿನಕ್ಕೆ ಕಡಿಮೆ ಅಂದರೂ 400 ಗ್ರಾಂ ತರಕಾರಿ, ಹಣ್ಣು ತಿನ್ನಬೇಕು. ಇದರಲ್ಲಿ ಆಲೂಗಡ್ಡೆ ಸೇರುವುದಿಲ್ಲ, ನೆನಪಿರಲಿ. ನಾಲ್ಕು ಜನರ ಮನೆಗೆ ದಿನಕ್ಕೆ 1.6 ಕೆಜಿ, ವಾರಕ್ಕೆ ಸುಮಾರು 11 ಕೆಜಿ. ಕೆಜಿಗೆ ಸರಾಸರಿ 40 ರೂಪಾಯಿ ಹಿಡಿದರೂ ವಾರಕ್ಕೆ 450 ರೂಪಾಯಿ ಹತ್ತಿರ ಆಯಿತು. ಬಾಡಿಗೆ, ಗ್ಯಾಸು, ಮಕ್ಕಳ ಖರ್ಚು ಕಳೆದ ಮೇಲೆ ಇಷ್ಟು ದುಡ್ಡು ಎಲ್ಲಿಂದ ಬರಬೇಕು?

ಆದರೆ ನಾನು ಒತ್ತಿ ಹೇಳಬೇಕಾದ ಮಾತು ಬೇರೆ ಇದೆ. ಬಡ ಮನೆಯವರು ತರಕಾರಿಗೆ ಅನುಕೂಲಸ್ಥರಿಗಿಂತ ಜಾಸ್ತಿ ದರ ಕೊಡುತ್ತಾರೆ. ಕೈಗೆ ದುಡ್ಡು ಬರುವುದು ಸಂಜೆ. ಮನೆಯಲ್ಲಿ ಫ್ರಿಜ್ ಇಲ್ಲ. ಹಾಗಾಗಿ ದಿನಾ ಸಂಜೆ ಕಾಲು ಕೆಜಿ, ಅರ್ಧ ಕೆಜಿ ಕೊಳ್ಳುತ್ತಾರೆ. ಕಾಲು ಕೆಜಿಗೆ 15 ರೂಪಾಯಿ ಕೊಟ್ಟರೆ ಕೆಜಿಗೆ 60 ಆಯಿತು. ಅದೇ ತರಕಾರಿಯನ್ನು ಎರಡು ಕೆಜಿ ಕೊಳ್ಳುವವರಿಗೆ 40ಕ್ಕೆ ಸಿಗುತ್ತದೆ. ನಾವು ಏನೇ ಯೋಜನೆ ಮಾಡಿದರೂ ಅದು ಈ ಸಂಜೆಯ ಲೆಕ್ಕಕ್ಕೆ, ಫ್ರಿಜ್ ಇಲ್ಲದ ಅಡುಗೆಮನೆಗೆ ಹೊಂದಬೇಕು. ಇಲ್ಲದಿದ್ದರೆ ಎಷ್ಟು ಅಗ್ಗ ಮಾಡಿದರೂ ಜನ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮೂವತ್ತು ಮನೆಗಳ ಒಂದು ಸಣ್ಣ ಏರ್ಪಾಡು. ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನವರು ಬೆಳೆ, ಮಾರುಕಟ್ಟೆ ಬದಲಿಸಿಕೊಂಡರೆ ಸಾಕು. ಲೆಕ್ಕಗಳಲ್ಲಿ ಕೊಟ್ಟಿರುವ ದರಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ಇವತ್ತಿನ ದರ ಹಾಕಿ ನೋಡಿ.

ಮೊದಲು ಇಷ್ಟು ಹೊಂದಿಸಿಕೊಳ್ಳಿ

ಮೂವತ್ತು ಮನೆ. ಕೆಲಸ ಹಂಚಿಕೊಳ್ಳುವ ನಾಲ್ಕೈದು ಜನ. ಸುಮಾರು 4,000 ರೂಪಾಯಿ ಸುತ್ತುನಿಧಿ, ಅಂದರೆ ತರಕಾರಿ ತರಲು ಹಾಕಿ, ಮಾರಿದ ಮೇಲೆ ಮತ್ತೆ ಕೈಗೆ ಬರುವ ಬಂಡವಾಳ. ಮುದ್ರೆ ಹಾಕಿಸಿದ ಒಂದು ತಕ್ಕಡಿ. ನೆರಳಿರುವ ಒಂದು ಜಾಗ: ಸಮುದಾಯ ಭವನ, ದೇವಸ್ಥಾನದ ಜಗಲಿ, ಶಾಲೆ ವರಾಂಡ, ಯಾವುದಾದರೂ ಸರಿ. ಒಂದು ಲೆಕ್ಕದ ಪುಸ್ತಕ. ಆ್ಯಪು, ವೆಬ್‌ಸೈಟು ಮಾಡಿಸಲು ಹೋಗಬೇಡಿ. ಬಹಳ ಜನ ಅಲ್ಲೇ ದುಡ್ಡು ಸುರಿದು ಸುಸ್ತಾಗುತ್ತಾರೆ.

ಹಂತ 1: ಮನೆ ಮನೆಗೆ ಹೋಗಿ ಕೇಳಿ

ಒಂದು ವಾರ ಇದಕ್ಕೇ ಇಡಿ. ನಾಲ್ಕು ಪ್ರಶ್ನೆ ಸಾಕು. ಕೂಲಿ ಯಾವತ್ತು ಸಿಗುತ್ತದೆ? ತರಕಾರಿ ಎಲ್ಲಿ, ಎಷ್ಟು ಹೊತ್ತಿಗೆ ಕೊಳ್ಳುತ್ತೀರಿ? ಮನೆಯಲ್ಲಿ ಯಾರೂ ತಿನ್ನದ ತರಕಾರಿ ಯಾವುದು? ಹಣ್ಣು ಕೊನೆಯದಾಗಿ ಯಾವಾಗ ತಂದಿರಿ?

ಮೊದಲ ಪ್ರಶ್ನೆಯೇ ಮುಖ್ಯ. ಕಟ್ಟಡ ಕೆಲಸದವರಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಬಟವಾಡೆ ಆಗುತ್ತದೆ. ಅದು ಶನಿವಾರ ಸಂಜೆ ಇರಬಹುದು, ಭಾನುವಾರ ಬೆಳಿಗ್ಗೆ ಇರಬಹುದು. ಮನೆಗೆಲಸದವರಿಗೆ ತಿಂಗಳ ಮೊದಲ ವಾರ. ಗಾರ್ಮೆಂಟ್ಸ್‌ನವರಿಗೆ ಸಂಬಳದ ದಿನ ಬೇರೆ. ನಿಮ್ಮ ಮಾರಾಟದ ದಿನ ಬಟವಾಡೆಗೆ ಹೊಂದಿಕೊಳ್ಳಲಿ. ನಿಮಗೆ ರಜೆ ಇದೆ ಅಂತ ದಿನ ಗೊತ್ತು ಮಾಡಬೇಡಿ.

ಇಲ್ಲೊಂದು ಎಚ್ಚರಿಕೆ. ಯಾರು ಬಡವರು ಅಂತ ತೀರ್ಮಾನಿಸಲು ಬಿಪಿಎಲ್ ಕಾರ್ಡ್ ಒಂದನ್ನೇ ನಂಬಬೇಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದು ಶೆಡ್‌ಗಳಲ್ಲಿ ಇರುವವರ ಕಾರ್ಡ್ ಊರಲ್ಲೇ ಇರುತ್ತದೆ. ಕಾರ್ಡ್ ಕೇಳಿದರೆ ತೀರಾ ಕಷ್ಟದಲ್ಲಿರುವವರೇ ಹೊರಗುಳಿಯುತ್ತಾರೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಇವರನ್ನು ಕೇಳಿ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮಗುವಿನ ತೂಕ ಏರುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಆದರೆ ಆ ವಿಷಯಗಳನ್ನು ಪಟ್ಟಿ ಮಾಡಿ ಗ್ರೂಪಿನಲ್ಲಿ ಹಾಕಬಾರದು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಊಟ ಸಿಗುತ್ತದೆ. ಹೆಸರು ಬರೆಸದವರು ಇದ್ದರೆ ಇದೇ ಓಡಾಟದಲ್ಲಿ ಬರೆಸಿಬಿಡಿ.

ಹಂತ 2: ಗುಂಪು, ದುಡ್ಡು, ಖಾತೆ

ಹೊಸದಾಗಿ ಸಂಘ ಕಟ್ಟುವ ಮೊದಲು, ಅಲ್ಲೇ ಇರುವ ಸ್ವಸಹಾಯ ಗುಂಪನ್ನು ಹುಡುಕಿ. ಸ್ತ್ರೀಶಕ್ತಿ ಗುಂಪು ಇರಬಹುದು, ಸಂಜೀವಿನಿ ಒಕ್ಕೂಟದ ಗುಂಪು ಇರಬಹುದು. ಅವರ ಬಳಿ ಬ್ಯಾಂಕ್ ಖಾತೆ ಇರುತ್ತದೆ, ವಾರದ ಸಭೆ ಇರುತ್ತದೆ, ಲೆಕ್ಕ ಬರೆಯುವ ಅಭ್ಯಾಸ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಬೀದಿಯವರು ಅವರನ್ನು ನಂಬುತ್ತಾರೆ.

ಮೂವತ್ತು ಮನೆಗೆ ಮನೆಗೆ 5 ಕೆಜಿಯಂತೆ 150 ಕೆಜಿ ಆಯಿತು. ಪ್ರತಿ ಮನೆಯ ವಾರದ 5 ಕೆಜಿಯಲ್ಲಿ 1 ಕೆಜಿ ಹಣ್ಣು ಇರಲಿ. ಮನೆಗೆ ಬೇಕಾದ ಪೂರ್ತಿ 11 ಕೆಜಿಯನ್ನೂ ನೀವೇ ಕೊಡಬೇಕಾಗಿಲ್ಲ, ಮೊದಲು ಅರ್ಧದಷ್ಟು ಸರಿಯಾಗಿ ನಡೆಯಲಿ. ಕೆಜಿಗೆ ಸರಾಸರಿ 22 ರೂಪಾಯಿ ಕೊಟ್ಟು ತಂದರೆ 3,300. ಲಗೇಜ್ ಆಟೋ ಬಾಡಿಗೆ 450. ಒಟ್ಟು 3,750. ಅದಕ್ಕೇ 4,000 ರೂಪಾಯಿ ಸುತ್ತುನಿಧಿ ಅಂದಿದ್ದು. ಗುಂಪಿನ ಉಳಿತಾಯದಿಂದ ತೆಗೆಯಬಹುದು, ಇಲ್ಲವೇ ನಾಲ್ಕು ಜನ ಹಾಕಬಹುದು.

ಇಬ್ಬರ ಸಹಿ ಇಲ್ಲದೆ ಖಾತೆಯಿಂದ ದುಡ್ಡು ತೆಗೆಯುವಂತಿರಬಾರದು. ಒಬ್ಬರ ಫೋನ್‌ಪೇಗೆ ಎಲ್ಲರೂ ಹಾಕುವುದು ಸುಲಭ ಅನ್ನಿಸುತ್ತದೆ. ಎರಡೇ ತಿಂಗಳಲ್ಲಿ ಅವರ ಸ್ವಂತ ದುಡ್ಡು ಯಾವುದು, ತರಕಾರಿ ದುಡ್ಡು ಯಾವುದು ಅಂತ ಗೊತ್ತಾಗದೆ ಜಗಳ ಆಗುತ್ತದೆ. ಪ್ರಾಮಾಣಿಕರಿಗೇ ಇದು ಜಾಸ್ತಿ ನೋವು ಕೊಡುತ್ತದೆ.

ಹಂತ 3: ಎಲ್ಲಿಂದ ತರುವುದು?

ಮೂರು ದಾರಿಗಳಿವೆ.

ರೈತರಿಂದ ನೇರವಾಗಿ ತರುವುದು ಒಂದು. ಬೆಂಗಳೂರಿನ ಸುತ್ತ ಹೊಸಕೋಟೆ, ಮಾಲೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ದೊಡ್ಡಬಳ್ಳಾಪುರ, ಆನೇಕಲ್ ಕಡೆಗಳಲ್ಲಿ ತರಕಾರಿ ಬೆಳೆಯುವವರು ತುಂಬ ಜನ ಇದ್ದಾರೆ. ಒಬ್ಬ ರೈತರ ಹೊಲದಲ್ಲಿ ಒಂದು ಸಲಕ್ಕೆ ಒಂದೋ ಎರಡೋ ಬೆಳೆ ಇರುತ್ತದೆ. ನಿಮಗೆ ಬೇಕಾದದ್ದು ಎಂಟು ಬಗೆ. ಆದ್ದರಿಂದ ಅಕ್ಕಪಕ್ಕದ ನಾಲ್ಕೈದು ರೈತರು ಒಟ್ಟಿಗೆ ಬೇಕು. ರೈತ ಉತ್ಪಾದಕ ಸಂಸ್ಥೆ ಇದ್ದರೆ ಈ ಕೆಲಸ ಹಗುರ. ಎಫ್‌ಪಿಒ ಅಂತ ಕರೆಯುವುದು ಇದನ್ನೇ. ರೈತರೇ ಷೇರು ಹಾಕಿ ಕಟ್ಟಿಕೊಂಡ, ಒಟ್ಟಿಗೆ ಕೊಳ್ಳುವ, ಒಟ್ಟಿಗೆ ಮಾರುವ ಸಂಸ್ಥೆ. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಹತ್ತಿರದ ಎಫ್‌ಪಿಒ ಯಾವುದು ಅಂತ ಹೇಳುತ್ತಾರೆ.

ರೈತರ ಜೊತೆ ಮಾತಾಡುವಾಗ ‘ಎಷ್ಟಕ್ಕೆ ಕೊಡ್ತೀರಿ?’ ಅಂತ ಶುರು ಮಾಡಬೇಡಿ. ‘ಮಂಡಿಗೆ ಹಾಕಿದರೆ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಕಳೆದು ನಿಮ್ಮ ಕೈಗೆ ಕೆಜಿಗೆ ಎಷ್ಟು ಉಳಿಯುತ್ತೆ?’ ಅಂತ ಕೇಳಿ. ಅದಕ್ಕಿಂತ ಎರಡು ಮೂರು ರೂಪಾಯಿ ಜಾಸ್ತಿ ಕೊಡಿ. ಬಡವರಿಗೆ ಸಹಾಯ ಮಾಡುತ್ತೇವೆ ಅಂತ ಹೇಳಿ ರೈತರ ಹತ್ತಿರ ಚೌಕಾಸಿ ಮಾಡುವುದು ನನಗೆ ಒಪ್ಪಿಗೆಯಾಗದ ವಿಷಯ. ಆ ರೈತರೂ ಎಷ್ಟೋ ಸಲ ಕಡಿಮೆ ಆದಾಯದವರೇ, ಅಲ್ವಾ? ಮಧ್ಯದ ಖರ್ಚು ಕಡಿಮೆ ಮಾಡಿದರೆ ಇಬ್ಬರಿಗೂ ಉಳಿಯುತ್ತದೆ. ದುಡ್ಡು ಅಲ್ಲೇ ಕೊಟ್ಟು ಬನ್ನಿ, ಬಾಕಿ ಇಡಬೇಡಿ.

ಎರಡನೆಯದು ಸಗಟು ಮಾರುಕಟ್ಟೆ. ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್, ಅಥವಾ ನಿಮ್ಮೂರಿನ ಎಪಿಎಂಸಿ ಮಂಡಿ. ಎಪಿಎಂಸಿ ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ನಡೆಸುವ ಪ್ರಾಂಗಣ. ಇಲ್ಲಿ ಬೆಳಗಿನ ಜಾವಕ್ಕೇ ಹೋಗಬೇಕು. ಟೊಮೆಟೊ ಕ್ರೇಟ್ ಲೆಕ್ಕ, ಈರುಳ್ಳಿ ಮೂಟೆ ಲೆಕ್ಕ. ಒಂದು ಕ್ರೇಟಿನಲ್ಲಿ ಎಷ್ಟು ಕೆಜಿ ಅಂತ ಮೊದಲೇ ಕೇಳಿಕೊಳ್ಳಿ. ಕೋಲಾರದ ಟೊಮೆಟೊ ಕ್ರೇಟ್ ಸಾಮಾನ್ಯವಾಗಿ 15 ಕೆಜಿ. ಮೇಲಿನ ಸಾಲು ನೋಡಿ ಮರುಳಾಗಬೇಡಿ. ಕೆಳಗೆ ಕೈ ಹಾಕಿ ನೋಡಿಯೇ ತೆಗೆದುಕೊಳ್ಳಿ.

ಮೂರನೆಯದು ಸಂತೆ. ಸಣ್ಣ ಊರಿನವರಿಗೆ ಇದೇ ಒಳ್ಳೆಯದು. ರೈತರೇ ತಂದು ಕೂತಿರುತ್ತಾರೆ. ಮೂವತ್ತು ಮನೆಯ ಪರವಾಗಿ ಇಬ್ಬರು ಹೋಗಿ ಕೊಂಡರೆ ದರ ತಾನಾಗಿಯೇ ಇಳಿಯುತ್ತದೆ. ಸೊಪ್ಪು, ಸಣ್ಣಪುಟ್ಟ ತರಕಾರಿ ತರಲು ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋಗಿ ಬರಬಹುದು. ಟಿಕೆಟ್ ಉಚಿತವಾದರೂ ಮಿತಿ ದಾಟಿದ ತೂಕಕ್ಕೆ ಲಗೇಜ್ ಚಾರ್ಜ್ ಇರುತ್ತದೆ. ಕಂಡಕ್ಟರ್ ಹತ್ತಿರ ಮೊದಲೇ ಕೇಳಿ.

ದರ ಸರಿಯಿದೆಯೇ ಅಂತ ನೋಡಲು ಎರಡು ಅಳತೆಗೋಲುಗಳಿವೆ. ಹಾಪ್‌ಕಾಮ್ಸ್ ಪ್ರತಿದಿನ ದರಪಟ್ಟಿ ಹಾಕುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ, ಬೆಳೆಗಾರರದೇ ಸಂಸ್ಥೆ ಅದು. ನಿಮ್ಮ ದರ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಇಷ್ಟೆಲ್ಲ ಕಷ್ಟಪಡುವುದು ಯಾಕೆ, ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯಿಂದಲೇ ಒಟ್ಟಿಗೆ ಕೊಂಡರಾಯಿತು. ಇನ್ನೊಂದು, ಕೃಷಿ ಮಾರುಕಟ್ಟೆ ಇಲಾಖೆಯ ಕೃಷಿ ಮಾರಾಟ ವಾಹಿನಿ ಜಾಲತಾಣ. ಅಲ್ಲಿ ಮಂಡಿ ದರ ಕ್ವಿಂಟಲ್‌ಗೆ ಇರುತ್ತದೆ, ಅಂದರೆ 100 ಕೆಜಿಗೆ. ಅದನ್ನು 100ರಿಂದ ಭಾಗಿಸಿ. ಕನಿಷ್ಠ, ಗರಿಷ್ಠ ದರಗಳ ಜೊತೆ ಮಾದರಿ ದರ ಅಂತಲೂ ಇರುತ್ತದೆ. ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದೇ ಮಾದರಿ ದರ. ಅದನ್ನೇ ನೋಡಿ.

ಸೊಪ್ಪಿನ ವಿಷಯದಲ್ಲಿ ಮಾತ್ರ ದರಕ್ಕಿಂತ ಮೊದಲು ನೀರು ಕೇಳಿ. ವೃಷಭಾವತಿಯಂಥ ಹೊಳೆಯಲ್ಲಿ ಊರಿನ ಕೊಳಚೆ, ಕಾರ್ಖಾನೆಯ ತ್ಯಾಜ್ಯ ಎರಡೂ ಹರಿಯುತ್ತವೆ. ಅಂಥ ನೀರಿನಲ್ಲಿ ಬೆಳೆದ ಸೊಪ್ಪು ಎಷ್ಟೇ ಅಗ್ಗವಾದರೂ ಬೇಡ. ಬೋರ್‌ವೆಲ್ ನೀರಾ, ಕಾಲುವೆ ನೀರಾ ಅಂತ ಕೇಳಿ, ಸಾಧ್ಯವಾದರೆ ಒಂದು ಸಲ ಹೊಲಕ್ಕೇ ಹೋಗಿ ನೋಡಿ ಬನ್ನಿ.

ಹಂತ 4: ಯಾವುದನ್ನು ತರುವುದು?

ಫ್ರಿಜ್ ಇಲ್ಲದ ಮನೆ ಅಂತ ಹೇಳಿದೆನಲ್ಲ, ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ತರಕಾರಿಯನ್ನು ಬಾಳಿಕೆ ನೋಡಿ ಮೂರು ಗುಂಪು ಮಾಡಿ.

ವಾರ ಪೂರ್ತಿ ಇರುವಂಥವು: ಸಿಹಿಗುಂಬಳ, ಬೂದುಗುಂಬಳ, ಸೀಮೆಬದನೆ, ಎಲೆಕೋಸು, ಬೀಟ್‌ರೂಟ್, ಈರುಳ್ಳಿ. ಮೂರು ನಾಲ್ಕು ದಿನ ಇರುವಂಥವು: ಟೊಮೆಟೊ, ಬದನೆ, ಹೀರೆಕಾಯಿ, ಬೀನ್ಸ್, ಮೂಲಂಗಿ, ನುಗ್ಗೆಕಾಯಿ. ಅವತ್ತೇ ಅಡುಗೆಯಾಗಬೇಕಾದದ್ದು ಸೊಪ್ಪು. ಪ್ರತಿ ಮನೆಯ 5 ಕೆಜಿಯಲ್ಲಿ ಮೊದಲ ಗುಂಪಿನದ್ದು ಅರ್ಧದಷ್ಟಾದರೂ ಇರಲಿ. ಟೊಮೆಟೊವನ್ನು ಅರ್ಧ ಹಣ್ಣು, ಅರ್ಧ ದೋರುಗಾಯಿ ತನ್ನಿ. ಹಣ್ಣಾದದ್ದು ಮೊದಲು ಖರ್ಚಾಗುತ್ತದೆ, ದೋರುಗಾಯಿ ವಾರದ ಕೊನೆಗೆ ಹಣ್ಣಾಗುತ್ತದೆ.

ಸೊಪ್ಪನ್ನು ವಾರಕ್ಕೊಮ್ಮೆ ತಂದರೆ ಪ್ರಯೋಜನ ಇಲ್ಲ. ಅದಕ್ಕೆ ನಿಮ್ಮ ಬೀದಿಗೆ ಬರುವ ಸೊಪ್ಪಿನವರನ್ನೇ ಜೊತೆ ಮಾಡಿಕೊಳ್ಳಿ. ‘ಬುಧವಾರ ನಮ್ಮ ಗುಂಪಿಗೆ 60 ಕಟ್ಟು ಖಾಯಂ ಬೇಕು’ ಅಂತ ಹೇಳಿದರೆ ಅವರು ಕಟ್ಟಿಗೆ ಒಂದೆರಡು ರೂಪಾಯಿ ಕಡಿಮೆ ಮಾಡುತ್ತಾರೆ. ಗಾಡಿಯವರಿಗೆ ನಾವು ಪೈಪೋಟಿ ಆಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಹತ್ತು ರೂಪಾಯಿಯ ತರಕಾರಿಯನ್ನು ಕಡ ಕೊಡುವವರು ಅವರೇ. ಅವರಿಗೂ ಬೇಕಿದ್ದರೆ ನಿಮ್ಮ ಲಗೇಜ್ ಆಟೋದಲ್ಲೇ ಮಾಲು ತರಿಸಿಕೊಳ್ಳಲಿ, ಬಾಡಿಗೆ ಹಂಚಿಹೋಗುತ್ತದೆ.

ಹಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಷ್ಟದ ಮನೆಗಳಲ್ಲಿ ಮೊದಲು ಬಿಟ್ಟುಹೋಗುವುದೇ ಹಣ್ಣು. ಯಾರಿಗಾದರೂ ಹುಷಾರಿಲ್ಲದಾಗ ಮಾತ್ರ ತರುತ್ತಾರೆ, ಆಗಲೂ ದೂರದಿಂದ ಬಂದ ಸೇಬನ್ನೇ ಹುಡುಕಿ ತರುತ್ತಾರೆ. ನಮ್ಮ ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿ ವಿಟಮಿನ್ ಇದೆ. ಬೆಟ್ಟದ ನೆಲ್ಲಿಯಲ್ಲೂ ಹಾಗೆಯೇ. ಪಪ್ಪಾಯಿ, ಪಚ್ಚಬಾಳೆ ವರ್ಷ ಪೂರ್ತಿ ಸಿಗುತ್ತವೆ. ಬೇಸಿಗೆಗೆ ಕಲ್ಲಂಗಡಿ, ಆಮೇಲೆ ರಾಮನಗರ, ಶ್ರೀನಿವಾಸಪುರದ ಮಾವು, ಜೊತೆಗೇ ಹಲಸು, ಮುಂಗಾರು ಶುರುವಾದಾಗ ನೇರಳೆ, ಮಳೆಗಾಲ ಕಳೆಯುವ ಹೊತ್ತಿಗೆ ಸೀತಾಫಲ. ಈ ಸರದಿ ಹಿಡಿದು ಹೋದರೆ ಹಣ್ಣು ದುಬಾರಿ ಅನ್ನಿಸುವುದಿಲ್ಲ.

ಹಲಸಂತೂ ಇಂಥ ಗುಂಪಿಗೆ ಹೇಳಿ ಮಾಡಿಸಿದ ಹಣ್ಣು. ಒಂದು ಮನೆಗೆ ಇಡೀ ಹಣ್ಣು ಜಾಸ್ತಿ ಆಗುತ್ತದೆ, ಬಿಡಿ ತೊಳೆ ಕೊಂಡರೆ ದುಬಾರಿ ಆಗುತ್ತದೆ. ದೊಡ್ಡಬಳ್ಳಾಪುರದ ತೂಬುಗೆರೆ ಕಡೆಯಿಂದ ಎರಡು ಮೂರು ಇಡೀ ಹಣ್ಣು ತಂದು, ಅಲ್ಲೇ ಕೊಯ್ದು ತೂಕ ಹಾಕಿ ಹಂಚಿ. ಬೀಜವನ್ನೂ ಹಂಚಿ, ಸಾರಿಗೆ ಆಗುತ್ತದೆ. ಕೊಯ್ಯುವ ಮೊದಲು ಕೈಗೆ, ಕತ್ತಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಹೊಸಬರಿಗೆ ಹೇಳಿಕೊಡಿ.

ಹಬ್ಬದ ವಾರಗಳಲ್ಲಿ ಎಚ್ಚರ. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಕ್ಕೆ ಏಲಕ್ಕಿ ಬಾಳೆ ಮುಟ್ಟುವ ಹಾಗಿರುವುದಿಲ್ಲ. ಆಯುಧಪೂಜೆಗೆ ಬೂದುಗುಂಬಳ ಹಾಗೆಯೇ. ಆ ವಾರ ಅವುಗಳನ್ನು ಪಟ್ಟಿಯಿಂದ ತೆಗೆಯಿರಿ, ಹಬ್ಬ ಮುಗಿದ ಮೇಲೆ ತನ್ನಿ.

ಬ್ರೊಕೊಲಿ, ಜುಕಿನಿ ಅಂತ ತಂದು ‘ಇದು ಒಳ್ಳೆಯದು, ತಿನ್ನಿ’ ಅನ್ನಬೇಡಿ. ಗೊತ್ತಿಲ್ಲದ ತರಕಾರಿ ಬೇಯಿಸಿ ಮಕ್ಕಳು ತಿನ್ನದೆ ಹೋದರೆ ಆ ತಾಯಿಗೆ ಒಂದು ಹೊತ್ತಿನ ಊಟವೇ ನಷ್ಟ.

ಹಂತ 5: ದರ ಕಟ್ಟುವುದು

ಕೊಂಡ ದರಕ್ಕೇ ಮಾರಿದರೆ ಎರಡನೇ ವಾರಕ್ಕೆ ಸುತ್ತುನಿಧಿ ಕರಗಲು ಶುರುವಾಗುತ್ತದೆ. ಒಂದು ಉದಾಹರಣೆ ನೋಡಿ. 15 ಕೆಜಿಯ ಟೊಮೆಟೊ ಕ್ರೇಟ್ 300 ರೂಪಾಯಿ. ಅದರಲ್ಲಿ 1 ಕೆಜಿ ಒಡೆದು, ಕೊಳೆತು ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಈಗ 300ನ್ನು ಭಾಗಿಸಬೇಕಾದದ್ದು 15ರಿಂದ ಅಲ್ಲ, 14ರಿಂದ. ಕೆಜಿಗೆ 21 ರೂಪಾಯಿ 43 ಪೈಸೆ. ಆಟೋ ಬಾಡಿಗೆ 450ನ್ನು 150 ಕೆಜಿಗೆ ಹಂಚಿದರೆ ಕೆಜಿಗೆ 3 ರೂಪಾಯಿ. ಒಟ್ಟು 24 ರೂಪಾಯಿ 43 ಪೈಸೆ. 25 ಅಂತ ಬರೆಯಿರಿ. ಮೇಲಿನ ಪೈಸೆ ಒಂದು ಡಬ್ಬಿಗೆ ಹೋಗಲಿ, ನಷ್ಟದ ವಾರಕ್ಕೆ ಬೇಕಾಗುತ್ತದೆ.

ಎಲ್ಲ ದರವೂ ಐದರ ಲೆಕ್ಕದಲ್ಲಿ ಇದ್ದರೆ ಚಿಲ್ಲರೆ ತಾಪತ್ರಯ ಇಲ್ಲ. ಕೊಂಡ ದರ, ಬಾಡಿಗೆ, ಮಾರುವ ದರ ಮೂರನ್ನೂ ಹಲಗೆ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಮತ್ತು ಮುಖ್ಯವಾಗಿ, ಕಾಲು ಕೆಜಿ ಕೊಂಡರೂ ಅದೇ ದರ ಇರಬೇಕು. ಇಡೀ ಏರ್ಪಾಡಿನ ಜೀವ ಇರುವುದು ಇಲ್ಲೇ.

ಇದು ನಿಮ್ಮ ಗುಂಪಿನ ಒಳಗೆ ಹಂಚಿಕೊಳ್ಳುವ ಕೆಲಸ. ಆದರೂ ಆಹಾರ ಸುರಕ್ಷತೆಯ ಕಾನೂನು ಲಾಭ ಇಲ್ಲದ ಮಾರಾಟವನ್ನೂ ಆಹಾರ ವ್ಯಾಪಾರ ಅಂತಲೇ ಎಣಿಸುತ್ತದೆ. ಹಾಗಾಗಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ತಕ್ಕಡಿಯನ್ನು ಹೇಗಿದ್ದರೂ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳಿ. ತೂಕದಲ್ಲಿ ಒಂದು ಸಲ ಅನುಮಾನ ಬಂದರೆ ನಂಬಿಕೆ ಮತ್ತೆ ಬರುವುದಿಲ್ಲ.

ಹಂತ 6: ತೀರಾ ಕಷ್ಟದವರಿಗೆ ಜೋಡಿ ಚೀಟಿ

ದರ ಇಳಿಸಿದ ಮೇಲೂ ಕೆಲವು ಮನೆಗಳಿಗೆ ಕೊಳ್ಳಲು ಆಗುವುದಿಲ್ಲ. ಒಬ್ಬಳೇ ದುಡಿಯುವ ತಾಯಿ, ಕೆಲಸ ಮಾಡಲಾಗದ ವಯಸ್ಸಾದ ದಂಪತಿ, ಕಾಯಿಲೆಯವರು ಇರುವ ಮನೆ. ಇವರಿಗೆ ಏನು ಮಾಡುವುದು?

ಬಹಳ ಜನ ಉಳಿದ ತರಕಾರಿಯನ್ನು ಇವರಿಗೆ ಪುಕ್ಕಟೆ ಕೊಡೋಣ ಅನ್ನುತ್ತಾರೆ. ಬೇಡ. ಉಳಿದದ್ದು ಅಂದರೆ ಬೇರೆಯವರು ಆರಿಸಿ ಬಿಟ್ಟದ್ದು. ಅದನ್ನು ಎಲ್ಲರ ಎದುರು ತೆಗೆದುಕೊಂಡು ಹೋಗುವವರಿಗೆ ಹೇಗನ್ನಿಸುತ್ತದೆ ಅಂತ ಯೋಚಿಸಿ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಅಮೆರಿಕದ ಡೆಟ್ರಾಯಿಟ್‌ನ ರೈತರ ಮಾರುಕಟ್ಟೆಗಳಲ್ಲಿ 2009ರಲ್ಲಿ ‘ಡಬಲ್ ಅಪ್ ಫುಡ್ ಬಕ್ಸ್’ ಅನ್ನುವ ಯೋಜನೆ ಶುರುವಾಯಿತು. ಸರ್ಕಾರದ ಆಹಾರ ನೆರವಿನ ಕಾರ್ಡಿನಲ್ಲಿ ಎಷ್ಟು ಖರ್ಚು ಮಾಡುತ್ತಾರೋ ಅಷ್ಟೇ ಮೊತ್ತವನ್ನು ಹಣ್ಣು, ತರಕಾರಿ ಕೊಳ್ಳಲು ಮತ್ತೆ ಸೇರಿಸಿ ಕೊಡುವುದು ಅದರ ರೀತಿ. ಈಗ ಅದು ಅಲ್ಲಿನ ಹಲವು ರಾಜ್ಯಗಳಲ್ಲಿದೆ. ಕೊಳ್ಳುವವರು ತಾವೇ ಆರಿಸುತ್ತಾರೆ, ರೈತರಿಗೆ ಪೂರ್ತಿ ದರ ಸಿಗುತ್ತದೆ. ನಮ್ಮ ಬೀದಿಗೂ ಇದನ್ನು ಸಣ್ಣದಾಗಿ ಹೊಂದಿಸಬಹುದು.

ಐದು, ಹತ್ತು ರೂಪಾಯಿಯ ಚೀಟಿಗಳನ್ನು ಅಚ್ಚು ಹಾಕಿಸಿ. ಮಾರಾಟದ ದಿನ ಎಲ್ಲರೂ ಮೊದಲು ಒಂದು ಮೇಜಿನಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯಲಿ. ತರಕಾರಿ ಮೇಜಿನಲ್ಲಿ ನಡೆಯುವುದು ಚೀಟಿ ಮಾತ್ರ. ನೆರವಿನ ಪಟ್ಟಿಯಲ್ಲಿರುವ ಮನೆಯವರು 50 ರೂಪಾಯಿ ಕೊಟ್ಟರೆ 100 ರೂಪಾಯಿಯ ಚೀಟಿ ಸಿಗುತ್ತದೆ. ಇದು ಚೀಟಿ ಮೇಜಿನಲ್ಲಿ ಕೂತ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ತರಕಾರಿ ಮೇಜಿನ ಮುಂದೆ ಎಲ್ಲರ ಕೈಯಲ್ಲೂ ಒಂದೇ ಥರದ ಚೀಟಿ. ನಕಲು ಆಗದಂತೆ ತಿಂಗಳಿಗೊಮ್ಮೆ ಚೀಟಿಯ ಬಣ್ಣ ಬದಲಿಸಿ.

ಹತ್ತು ಮನೆಗೆ ವಾರಕ್ಕೆ 50 ರೂಪಾಯಿ ಜೋಡಿಸಿದರೆ ವಾರಕ್ಕೆ 500, ನಾಲ್ಕು ವಾರಕ್ಕೆ 2,000. ಪಕ್ಕದ ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಯವರು ತಿಂಗಳಿಗೆ 100 ರೂಪಾಯಿ ಹಾಕಿದರೆ ಆಯಿತು. ಐದು ಬಟವಾಡೆ ಬರುವ ತಿಂಗಳಿಗೆ 2,500 ಬೇಕಾಗುತ್ತದೆ, ಅದನ್ನು ಮೊದಲೇ ಹೇಳಿಡಿ. ದುಡ್ಡು ಕೊಡುವವರಿಗೆ ಯಾವ ಮನೆಗೆ ಹೋಯಿತು ಅಂತ ಹೇಳಬಾರದು. ಎಷ್ಟು ಮನೆ, ಎಷ್ಟು ಕೆಜಿ ಅಂತ ಲೆಕ್ಕ ಕೊಟ್ಟರೆ ಸಾಕು. ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ಕನಿಷ್ಠ ಆರು ತಿಂಗಳ ದುಡ್ಡಿನ ಭರವಸೆ ಸಿಗುವವರೆಗೆ ಜೋಡಿ ಚೀಟಿ ಶುರು ಮಾಡಬೇಡಿ. ಎರಡು ತಿಂಗಳು ಕೊಟ್ಟು ನಿಲ್ಲಿಸಿದರೆ ಆ ಮನೆಗಳ ಲೆಕ್ಕಾಚಾರ ಇನ್ನೂ ಕೆಡುತ್ತದೆ.

ಹಂತ 7: ಮಾರಾಟದ ದಿನ

ಬೆಳಿಗ್ಗೆ ತಂದ ಮಾಲನ್ನು ನೆರಳಲ್ಲಿ ಹರಡಿ, ಒಡೆದದ್ದನ್ನು ಬೇರೆ ಮಾಡಿ. ಸಂಜೆ ಕೆಲಸದಿಂದ ಬರುವವರಿಗೂ ಒಳ್ಳೆಯದೇ ಸಿಗಬೇಕು. ಅದಕ್ಕೆ ಮಾಲನ್ನು ಎರಡು ಪಾಲು ಮಾಡಿ, ಒಂದನ್ನು ಸಂಜೆ ಆರು ಗಂಟೆ ಮೇಲೆಯೇ ತೆಗೆಯಿರಿ. ಈ ಒಂದು ಕೆಲಸ ಮರೆತರೆ ಬೆಳಿಗ್ಗೆ ಮನೆಯಲ್ಲಿರುವವರು ಆರಿಸಿಕೊಂಡು ಹೋಗಿಬಿಡುತ್ತಾರೆ, ನಿಜವಾಗಿ ಬೇಕಾದವರಿಗೆ ಬುಟ್ಟಿಯ ತಳ ಉಳಿಯುತ್ತದೆ.

ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿದವರಿಗೆ ಮಾತ್ರ ಅನ್ನುವ ನಿಯಮ ಬೇಡ. ಎಷ್ಟೋ ಮನೆಯಲ್ಲಿ ಇರುವ ಒಂದೇ ಫೋನು ಗಂಡನ ಜೇಬಿನಲ್ಲಿ ಇರುತ್ತದೆ. ಹಿಂದಿನ ವಾರ ಬಂದಾಗಲೇ ‘ಮುಂದಿನ ವಾರ ಏನು ಬೇಕಮ್ಮ?’ ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಸಾಲ ಬರೆಯಬೇಡಿ. ಕಲ್ಲು ಮನಸ್ಸು ಅನ್ನಿಸಬಹುದು. ಆದರೆ 4,000 ರೂಪಾಯಿಯ ನಿಧಿಗೆ ಸಾಲ ತಡೆದುಕೊಳ್ಳುವ ಶಕ್ತಿ ಇಲ್ಲ, ಮತ್ತೆ ಸಾಲ ಉಳಿಸಿಕೊಂಡವರು ನಾಚಿಕೆಯಿಂದ ಬರುವುದನ್ನೇ ಬಿಡುತ್ತಾರೆ. ಕೈ ಕಟ್ಟಿದ ವಾರ ಇದ್ದರೆ ಅವರನ್ನು ಸದ್ದಿಲ್ಲದೆ ಜೋಡಿ ಚೀಟಿ ಪಟ್ಟಿಗೆ ಸೇರಿಸಿ.

ಎಲ್ಲರೂ ಮನೆಯಿಂದ ಚೀಲ ತರಲಿ.

ಹಂತ 8: ಉಳಿದದ್ದು ಏನು ಮಾಡುವುದು? ಕೈತೋಟ ಆಗುತ್ತಾ?

ಉಳಿದ ಟೊಮೆಟೊ, ಸೀಮೆಬದನೆಯನ್ನು ಕೊನೆಯ ಅರ್ಧ ಗಂಟೆ ಎಲ್ಲರಿಗೂ ಅರ್ಧ ದರಕ್ಕೆ ಕೊಡಿ. ಆಮೇಲೂ ಉಳಿದರೆ ಹತ್ತಿರದ ಹಾಸ್ಟೆಲ್ ಅಡುಗೆಮನೆಗೆ ಕೊಡಬಹುದು. ಎರಡು ವಾರ ಒಂದೇ ತರಕಾರಿ ಉಳಿದರೆ ಮೂರನೇ ವಾರ ಅದನ್ನು ಕಡಿಮೆ ತನ್ನಿ.

ಕೈತೋಟದ ಬಗ್ಗೆ ತುಂಬ ಜನ ಕೇಳುತ್ತಾರೆ. ಒಂದೇ ಕೋಣೆಯ ಮನೆಯವರಿಗೆ ‘ನೀವೇ ಬೆಳೆದುಕೊಳ್ಳಿ’ ಅನ್ನುವುದು ನ್ಯಾಯವಲ್ಲ. ನೀರಿಗೇ ಸಾಲಲ್ಲಿ ನಿಲ್ಲುವವರು ಅವರು. ಬಿಸಿಲು ಬೀಳುವ ಸ್ವಲ್ಪ ಜಾಗ ಇದ್ದವರಿಗೆ ಮಾತ್ರ ಸೊಪ್ಪು ಸುಲಭ. ಹಳೆ ಪೇಂಟ್ ಡಬ್ಬಿ ಬೇಡ, ಅಕ್ಕಿ ಚೀಲ ಸಾಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟು ಮತ್ತೆ ಮತ್ತೆ ಕೊಯ್ಯಬಹುದಾದ ತಳಿ. ಬಸಳೆಯ ಒಂದು ಕಡ್ಡಿ ನೆಟ್ಟರೆ ಬೇಲಿ ತುಂಬ ಹಬ್ಬುತ್ತದೆ. ಅಕ್ಕಿ ತೊಳೆದ ನೀರು ಹಾಕಬಹುದು, ಮೋರಿ ನೀರು ಹಾಕಬಾರದು. ಶಾಲೆ ಅಥವಾ ಅಂಗನವಾಡಿ ಅಂಗಳದಲ್ಲಿ ಒಂದೆರಡು ನುಗ್ಗೆಮರ ಬೆಳೆಸಿದರೆ ಇಡೀ ಬೀದಿಗೆ ಸೊಪ್ಪು ಸಿಗುತ್ತದೆ.

ಹಂತ 9: ದರ ಏರಿದಾಗ, ದರ ಬಿದ್ದಾಗ

2023ರ ಜುಲೈ ನೆನಪಿದೆಯಲ್ಲ? ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಕೋಲಾರದಲ್ಲಿ 15 ಕೆಜಿ ಕ್ರೇಟ್ 2,000 ದಾಟಿ ಹೋಗಿತ್ತು. ಅಂಥ ವಾರದಲ್ಲಿ ಆ ತರಕಾರಿಯನ್ನು ಹಟ ಹಿಡಿದು ತರಬೇಡಿ, ನಿಧಿ ಪೂರ್ತಿ ಅದರಲ್ಲೇ ಮುಳುಗುತ್ತದೆ. ಸಾರಿನ ಹುಳಿಗೆ ಹುಣಸೆಹಣ್ಣು ಇದೆ, ಮಾವಿನಕಾಯಿ ಕಾಲವಾದರೆ ಅದೂ ಆಗುತ್ತದೆ. ಟೊಮೆಟೊ ಜಾಗಕ್ಕೆ ಸೋರೆಕಾಯಿ, ಸಿಹಿಗುಂಬಳ ತನ್ನಿ. ಯಾಕೆ ತಂದಿಲ್ಲ ಅಂತ ಹಲಗೆ ಮೇಲೆ ದರ ಸಮೇತ ಬರೆಯಿರಿ. ಪೈಸೆ ಡಬ್ಬಿಯಲ್ಲಿ ಸೇರಿದ ದುಡ್ಡನ್ನು ಇಂಥ ವಾರ ಈರುಳ್ಳಿಯಂಥ ತೀರಾ ಬೇಕಾದ ಒಂದಕ್ಕೆ ಹಾಕಿ ದರ ಹಿಡಿದಿಡಬಹುದು.

ಇದರ ತಿರುಗುಮುರುಗು ಕಾಲವೂ ಬರುತ್ತದೆ. ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಟೊಮೆಟೊವನ್ನು ರಸ್ತೆಗೆ ಸುರಿಯುವ ದಿನಗಳು. ಆಗ ನಿಮಗೆ ಕೊಡುವ ರೈತರ ಜೊತೆ ಒಂದು ಕನಿಷ್ಠ ದರ ಮೊದಲೇ ಮಾತಾಡಿಕೊಂಡಿರಿ. ಮಂಡಿ ದರ ಎಷ್ಟೇ ಬೀಳಲಿ, ಕೊಯ್ಲು, ಸಾಗಣೆ ಖರ್ಚು ಕಳೆದು ಅವರಿಗೆ ಏನಾದರೂ ಉಳಿಯುವಂಥ ದರ ಅದು. ಮೂವತ್ತು ಮನೆಗೆ ಕೆಜಿಗೆ ಎರಡು ರೂಪಾಯಿ ಜಾಸ್ತಿ ಆಗಬಹುದು, ಆದರೂ ಅದು ಅಂಗಡಿ ದರಕ್ಕಿಂತ ಕಡಿಮೆಯೇ ಇರುತ್ತದೆ. ಈ ಒಪ್ಪಂದವನ್ನು ಬಾಯಿಮಾತಿಗೆ ಬಿಡಬೇಡಿ. ಯಾವ ಬೆಳೆ, ವಾರಕ್ಕೆ ಎಷ್ಟು ಕೆಜಿ, ಕನಿಷ್ಠ ದರ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ರೈತರ ಬಳಿ, ಇನ್ನೊಂದು ಗುಂಪಿನ ಲೆಕ್ಕದ ಪುಸ್ತಕದಲ್ಲಿ ಇಡಿ.